ರೈಟ್ ರೈಟ್: ಹಳೆ ಬೆಂಗಳೂರಿನ ವೇಷಕ್ಕೆ ನಮ್ಮ ತಯಾರಿ

ಸಂಕ್ರಾಂತಿ ಆದ ವಾರ

ಡಬ್ಬಿಯಲ್ಲಿ ಎಳ್ಳು ಬೆಲ್ಲ ಇನ್ನೂ ಉಳಿದಿತ್ತು, ಅಷ್ಟರಲ್ಲೇ ಥೀಮ್ ಗಟ್ಟಿಯಾಯಿತು. ಈ ಸಲ 1980ರ ದಶಕದ ಬೆಂಗಳೂರಿನಲ್ಲಿ ದಿನಾ ಕಣ್ಣಿಗೆ ಬೀಳುತ್ತಿದ್ದ ಜನ. ರಾಜ ಬೇಡ, ದೇವರು ಬೇಡ, ಸಿನಿಮಾ ಹೀರೋ ಬೇಡ. ಕೆಲಸಕ್ಕೆ ಹೋಗುವವರು, ಕ್ಯೂ ನಿಲ್ಲುವವರು, ಚಿಲ್ಲರೆ ಎಣಿಸುವವರು ಸಾಕು.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ನಾವು ಒಂದಿಷ್ಟು ಸ್ನೇಹಿತರು ಆಗಾಗ ವೇಷ ಹಾಕಿಕೊಂಡು ಊರು ಸುತ್ತುತ್ತೇವೆ. ಹೋದ ಸಲ ಮದುವೆ ಮನೆ ಥೀಮ್. ಬೀಗರು, ಪುರೋಹಿತರು, ಅಡುಗೆ ಭಟ್ಟರು, ಫೋಟೋಗ್ರಾಫರ್, ಮುನಿಸಿಕೊಂಡ ಸೋದರಮಾವ, ಎಲ್ಲ ಇದ್ದರು. ಗಂಡು ಹೆಣ್ಣು ಮಾತ್ರ ಇರಲಿಲ್ಲ. ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿನವರು ‘ಯಾವ ಛತ್ರ?’ ಅಂತ ಕೇಳಿದರು. ಅದಕ್ಕಿಂತ ದೊಡ್ಡ ಬಹುಮಾನ ಇನ್ನೇನು ಬೇಕು?

ನಮ್ಮಲ್ಲಿರೋದು ಒಂದೇ ಕಟ್ಟುಪಾಡು. ವೇಷ ಹಾಕಿಕೊಂಡು ಮೆಟ್ರೋ ಹತ್ತಬೇಕು, ಕೂತು ದೋಸೆ ತಿನ್ನಬೇಕು, ಯಾರ ಸಹಾಯವೂ ಇಲ್ಲದೆ ಟಾಯ್ಲೆಟ್ಟಿಗೆ ಹೋಗಿ ಬರಬೇಕು. ಇದು ಆಗದಿದ್ದರೆ ಆ ವೇಷ ಸ್ಟೇಜಿಗೆ ಸರಿ, ಬೀದಿಗಲ್ಲ.

ಪಾತ್ರ ಹಂಚಿದ್ದು ಹೀಗೆ. ಒಬ್ಬಳು ಟೈಪಿಂಗ್ ಇನ್‌ಸ್ಟಿಟ್ಯೂಟ್ ಹುಡುಗಿ. ಒಬ್ಬ ಎಚ್‌ಎಂಟಿ ಕಾರ್ಖಾನೆಯ ನೌಕರ. ಇನ್ನೊಬ್ಬಳು ಟೆಂಟ್ ಟಾಕೀಸಿನ ಗೇಟ್ ಕೀಪರ್, ಕೈಯಲ್ಲಿ ಮೂರು ಸೆಲ್ಲಿನ ಟಾರ್ಚ್. ನಾನು ಬಿಟಿಎಸ್ ಕಂಡಕ್ಟರ್. ಕೊನೆಯವನು ಮಾತ್ರ ‘ನಾನು ದುರ್ಯೋಧನನೇ’ ಅಂತ ಹಟ ಹಿಡಿದು ಕೂತಿದ್ದಾನೆ. ಅವನನ್ನು ಇನ್ನು ಮುಂದೆ ದುರ್ಯೋಧನ ಅಂತಲೇ ಬರೆಯುತ್ತೇನೆ.

ಜನವರಿ ಕೊನೆ: ಬಟ್ಟೆ

ಬಿಎಂಟಿಸಿ ಅಂತ ಬೇರೆಯಾಗಿದ್ದು 1997ರಲ್ಲಿ. ಅದಕ್ಕೆ ಮೊದಲು ಊರಿನ ಬಸ್ಸು ಅಂದರೆ ಬಿಟಿಎಸ್. ‘ಬಿಟ್ರೆ ತಿರುಗಾ ಸಿಗಲ್ಲ’ ಅಂತ ಜನ ಅದನ್ನು ಬಿಡಿಸಿ ಹೇಳುತ್ತಿದ್ದರು. ರಜನಿಕಾಂತ್ ಟಿಕೆಟ್ ಹರಿದಿದ್ದೂ ಇದೇ ಬಿಟಿಎಸ್ಸಿನಲ್ಲಿ. ಹಾಗಾಗಿ ಕಂಡಕ್ಟರ್ ಅಂದ ತಕ್ಷಣ ಎಲ್ಲರೂ ಸಿಗರೇಟು ಎಸೆದು ಬಾಯಲ್ಲಿ ಹಿಡಿಯೋಕೆ ಹೇಳುತ್ತಾರೆ. ಅದು ಬೇಡ. ನನಗೆ ಬೇಕಾಗಿರುವುದು ಸಂಜೆ ಆರು ಗಂಟೆಯ ಕಂಡಕ್ಟರ್. ಫುಟ್‌ಬೋರ್ಡಿನ ತನಕ ಜನ ತುಂಬಿದ್ದಾರೆ, ‘ಒಳಗೆ ಹೋಗ್ರೀ, ಒಳಗೆ ಜಾಗ ಇದೆ’ ಅಂತ ಕೂಗಿ ಕೂಗಿ ಗಂಟಲು ಕಟ್ಟಿದೆ. ಅಂಥವನು.

ಚಿಕ್ಕಪೇಟೆಯಲ್ಲಿ ಖಾಕಿ ಬಟ್ಟೆ ಸಿಕ್ಕಿತು. ಹೊಸ ಖಾಕಿ ನೋಡಿದರೆ ಸ್ಕೂಲ್ ಯೂನಿಫಾರಂ ನೆನಪಾಗುತ್ತದೆ. ಗರಿಗರಿ, ಸಾಲದ್ದಕ್ಕೆ ಒಂಥರಾ ಹಸಿರು ಹೊಳಪು. ಬಕೆಟ್ ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿದೆ, ಬೆಳಗ್ಗೆ ಬಿಸಿಲಿಗೆ ಹಾಕಿದೆ. ಮತ್ತೆ ಮತ್ತೆ ಹೀಗೆ ಮಾಡಿದ ಮೇಲೆ ಗಂಜಿ ಬಿಟ್ಟಿತು. ಆಮೇಲೆ ಗಟ್ಟಿ ಟೀ ಡಿಕಾಕ್ಷನ್ನಿನಲ್ಲಿ ಅದ್ದಿದೆ. ಕಾಫಿ ಡಿಕಾಕ್ಷನ್ನೂ ಆಗುತ್ತದೆ, ಆದರೆ ವಾಸನೆ ಹೋಗೋಕೆ ಜಾಸ್ತಿ ದಿನ ಬೇಕು. ಕಾಲರ್ ಅಂಚು, ಜೇಬಿನ ಬಾಯಿ, ಚೀಲದ ಪಟ್ಟಿ ಉಜ್ಜುವ ಎಡ ಹೆಗಲು, ಇಷ್ಟನ್ನು ಮಾತ್ರ ಸ್ಯಾಂಡ್ ಪೇಪರಿನಿಂದ ತಿಕ್ಕಿದ್ದು. ಇಡೀ ಶರ್ಟ್ ಹಳೆಯದಾದರೆ ಬಡತನ ಕಾಣುತ್ತದೆ. ಚೀಲ ಉಜ್ಜುವ ಜಾಗ ಸವೆದರೆ ಕೆಲಸ ಕಾಣುತ್ತದೆ.

ಎದೆಯ ಮೇಲೆ ಬಿಲ್ಲೆ ಹಾಕಬೇಕಾ ಅಂತ ಚರ್ಚೆ ನಡೆಯಿತು. ಬೇಡ ಅಂತಾಯಿತು. ಮೋಸದ ಉದ್ದೇಶದಿಂದ ಸರ್ಕಾರಿ ನೌಕರರ ಉಡುಪು ಹಾಕುವುದು ಕಾನೂನಿನಲ್ಲಿ ಅಪರಾಧ. ನಮ್ಮ ಉದ್ದೇಶ ಮೋಸವಲ್ಲ, ದೋಸೆ. ಆದರೂ ಇವತ್ತಿನ ಕಂಡಕ್ಟರೂ ಖಾಕಿಯಲ್ಲೇ ಇರುತ್ತಾರೆ. ಬಸ್ ಸ್ಟಾಪಿನಲ್ಲಿ ಯಾರಾದರೂ ನನ್ನನ್ನು ನಂಬಿ ಬಸ್ಸು ತಪ್ಪಿಸಿಕೊಂಡರೆ ಚೆನ್ನಾಗಿರಲ್ಲ. ಅದಕ್ಕೆ ಬಿಲ್ಲೆ ಇಲ್ಲ, ನಂಬರ್ ಇಲ್ಲ, ಬಸ್ ಸ್ಟಾಪಿನಲ್ಲಿ ನಿಲ್ಲುವುದೂ ಇಲ್ಲ. ಪೊಲೀಸ್, ಮಿಲಿಟರಿ ವೇಷ ಮೊದಲಿಂದಲೂ ನಮ್ಮಲ್ಲಿ ಇಲ್ಲವೇ ಇಲ್ಲ.

ಫೆಬ್ರವರಿ ಶುರು: ಟಿಕೆಟ್

ಇದರಲ್ಲೇ ಹೆಚ್ಚು ದಿನ ಹೋಯಿತು, ಹೆಚ್ಚು ಖುಷಿ ಕೊಟ್ಟಿದ್ದೂ ಇದೇ.

ಈಗ ಮೆಷಿನ್ ಕಿರ್ರ್ ಅಂತ ಚೀಟಿ ಉಗುಳುತ್ತದೆ. ಆಗ ಕಂಡಕ್ಟರ್ ಕೈಯಲ್ಲಿ ಉದ್ದನೆಯ ಟಿಕೆಟ್ ಹಲಗೆ ಇರುತ್ತಿತ್ತು. ಅದರಲ್ಲಿ ಬೇರೆ ಬೇರೆ ದರಕ್ಕೆ ಬೇರೆ ಬೇರೆ ಬಣ್ಣದ ಟಿಕೆಟ್ ಕಟ್ಟು. ಹೆಬ್ಬೆರಳಿಗೆ ಎಂಜಲು ಸವರಿ ಒಂದೇ ಒಂದನ್ನು ಎತ್ತಿ, ಹರಿದು, ಪಂಚ್ ಮಾಡಿ ಕೊಡುತ್ತಿದ್ದರು. ಚಿಲ್ಲರೆ ಇಲ್ಲದಿದ್ದರೆ ಬಾಕಿಯನ್ನು ಟಿಕೆಟ್ ಹಿಂದೆ ಗೀಚುತ್ತಿದ್ದರು. ಇಳಿಯುವಾಗ ಅದನ್ನು ನೆನಪಿಸಿ ಈಸಿಕೊಳ್ಳುವುದು ಪ್ರಯಾಣಿಕರ ಪಾಡು.

ಹಲಗೆಗೆ ಸುಲ್ತಾನ್‌ಪೇಟೆಯಿಂದ ಗ್ರೇ ಬೋರ್ಡ್ ತಂದೆ. ಮದುವೆ ಕಾರ್ಡಿನ ಅಂಗಡಿಗಳ ಸಾಲಿನಲ್ಲೇ ಪೇಪರ್, ಬೋರ್ಡ್ ಎಲ್ಲ ಸಿಗುತ್ತದೆ. ಎರಡು ಪದರ ಅಂಟಿಸಿ, ಮೇಲೆ ಕಪ್ಪು ರೆಕ್ಸಿನ್ ಸುತ್ತಿದೆ. ಕಟ್ಟು ಹಿಡಿಯೋಕೆ ಅಡ್ಡಕ್ಕೆ ಅಗಲದ ಎಲಾಸ್ಟಿಕ್. ಟಿಕೆಟ್ಟಿಗೆ ಗಾಳಿಪಟದ ಪೇಪರ್ ನೋಡಿದೆ, ಬಣ್ಣ ಚೆಂದ, ಆದರೆ ಬೆವರು ತಗುಲಿದ ಕೂಡಲೇ ಹೆಬ್ಬೆರಳೆಲ್ಲ ಗುಲಾಬಿ. ಮಾಸಲು ಬಣ್ಣದ ತೆಳು ಬಿಲ್ ಪೇಪರ್ ಸರಿಹೋಯಿತು.

ಹರಿಯುವ ತೂತಿನ ಸಾಲು ಹೇಗೆ ಮಾಡುವುದು? ಅದಕ್ಕೆ ಅಮ್ಮನ ಹೊಲಿಗೆ ಮೆಷಿನ್. ದಾರ ತೆಗೆದುಬಿಡಿ, ಬಾಬಿನ್ನೂ ತೆಗೆಯಿರಿ. ಹೊಲಿಗೆ ಉದ್ದ ಇರುವಂತೆ ತಿರುಗಿಸಿ, ಪೇಪರನ್ನು ಬಟ್ಟೆ ಥರ ಓಡಿಸಿ. ನಾಲ್ಕೈದು ಹಾಳೆ ಒಟ್ಟಿಗೆ ಹೋಗುತ್ತದೆ. ಪೇಪರ್ ಸೂಜಿಯ ಮೊನೆ ತಿಂದುಹಾಕುತ್ತದೆ, ಹಾಗಾಗಿ ಹಳೆ ಸೂಜಿ ಹಾಕಿಕೊಳ್ಳುವುದು ಒಳ್ಳೇದು. ಇಲ್ಲದಿದ್ದರೆ ಅಮ್ಮನ ಮುಂದಿನ ಬ್ಲೌಸ್ ಹೊಲಿಗೆಯ ದಿನ ನಿಮಗೆ ಮನೆಯಲ್ಲಿ ಜಾಗ ಇರಲ್ಲ. ಹರಿದಾಗ ಬರುವ ಆ ಸಣ್ಣ ‘ಪರ್’ ಸದ್ದು ಇದೆಯಲ್ಲ, ಅದನ್ನು ಕೇಳೋಕೆ ಅಂತಲೇ ಸುಮ್ನೆ ಕೂತು ಒಂದು ಕಟ್ಟು ಖಾಲಿ ಮಾಡಿದೆ.

ಟಿಕೆಟ್ ಮೇಲೆ ಸಂಸ್ಥೆಯ ಹೆಸರು, ಲಾಂಛನ ಹಾಕಿಲ್ಲ. ‘ಇಳಿಯುವವರು ಮುಂದೆ ಬನ್ನಿ’ ಅಂತ ಅಷ್ಟೇ ಅಚ್ಚು.

ಫೆಬ್ರವರಿ ನಡು: ಚಿಲ್ಲರೆ ಮತ್ತು ಚೀಲ

ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಚರ್ಮದ ಚೀಲ ಸಿಕ್ಕಿತು. ಮೂಲತಃ ಯಾವ ಚೀಲವೋ ದೇವರೇ ಬಲ್ಲ. ಪಟ್ಟಿ ಕಿತ್ತುಹೋಗಿತ್ತು, ನಮ್ಮ ರಸ್ತೆ ತಿರುವಿನಲ್ಲಿ ಚಪ್ಪಲಿ ಹೊಲಿಯುವವರು ಹೊಸದು ಹಾಕಿಕೊಟ್ಟರು. ‘ಬಕಲ್ ಬೇಡ ಸಾರ್, ಕಂಡಕ್ಟರ್ ಚೀಲ ಅಂದ್ರೆ ಗಂಟು ಹೊಲಿಗೆ’ ಅಂದರು. ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಬಂದೆ.

ಅಲ್ಲೇ ಹಳೆ ನಾಣ್ಯ ಹಿಡಿಗಟ್ಟಲೆ ಇಟ್ಟುಕೊಂಡು ಕೂರುತ್ತಾರೆ. ಚೌಕದ ಐದು ಪೈಸೆ, ಅಂಚು ಅಲೆಅಲೆಯಾಗಿರುವ ಹತ್ತು ಪೈಸೆ, ಆರು ಮೂಲೆಯ ಇಪ್ಪತ್ತು ಪೈಸೆ. ಎಲ್ಲ ಅಲ್ಯೂಮಿನಿಯಂ. 25 ಪೈಸೆ ಮತ್ತು ಅದರ ಕೆಳಗಿನದೆಲ್ಲ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋಯಿತಲ್ಲ, ಹಾಗಾಗಿ ಇವು ಈಗ ಆಟಿಕೆಯೇ. ಚೀಲಕ್ಕೆ ಸುರಿದು ಅಲ್ಲಾಡಿಸಿದೆ. ಈಗಿನ ಸ್ಟೀಲ್ ನಾಣ್ಯ ಝಣ್ ಅನ್ನುತ್ತದೆ, ಇವು ಬರೀ ಚರಚರ. ಹಗುರ, ಒಣ ಸದ್ದು. ಅರವತ್ತು ದಾಟಿದ ನಮ್ಮ ಚಿಕ್ಕಪ್ಪ ಪಕ್ಕದ ರೂಮಿನಿಂದ ‘ಏನೋ ಅದು, ಹತ್ತು ಪೈಸೆನಾ?’ ಅಂತ ಕೇಳಿದರು. ಕಣ್ಣಿಗೆ ಬಿದ್ದಿರಲಿಲ್ಲ, ಕಿವಿಗೆ ಬಿದ್ದಿದ್ದಷ್ಟೇ. ಚೀಲದ ಕೆಲಸ ಮುಗಿಯಿತು ಅಂತ ಅಲ್ಲಿಗೇ ಬರೆದುಕೊಂಡೆ.

ಶಿವರಾತ್ರಿ ಹೊತ್ತಿಗೆ: ಉಳಿದವರ ಸುದ್ದಿ

ಟೈಪಿಂಗ್ ಹುಡುಗಿಯದು ಸುಲಭ. ಲಂಗ ದಾವಣಿ, ಎರಡು ಜಡೆ, ಸುರುಳಿ ಸುತ್ತಿದ ಹಾಳೆ. ಅವಳು ಸೇರಿಸಿದ ಒಂದು ಸಣ್ಣ ವಿಷಯ ನನಗೆ ಹೊಟ್ಟೆಕಿಚ್ಚು ತಂದಿತು. ಬೆರಳ ತುದಿಗೆ ಕಾರ್ಬನ್ ಪೇಪರಿನ ನೀಲಿ ಮಸಿ. ಯಾರಾದರೂ ಮಾತಾಡಿಸಿದರೆ ‘ಜೂನಿಯರ್ ಪಾಸಾಯ್ತು, ಈಗ ಸೀನಿಯರ್’ ಅನ್ನುತ್ತಾಳಂತೆ.

ಎಚ್‌ಎಂಟಿಯವನಿಗೆ ವೇಷವೇ ಇಲ್ಲ ಅನ್ನಬಹುದು. ಹತ್ತಿ ಶರ್ಟು, ಟಿಫಿನ್ ಕ್ಯಾರಿಯರ್, ಕೈಯಲ್ಲಿ ಅವನಪ್ಪನ ‘ಜನತಾ’ ವಾಚು. ಬೆಂಗಳೂರಿನ ವಾಚ್ ಕಾರ್ಖಾನೆ ಶುರುವಾಗಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಒಪ್ಪಿದ್ದು 2016ರಲ್ಲಿ. ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರಿಗೆ ಹೋಗಿ ಹಳೆ ವಾಚುಗಳನ್ನೆಲ್ಲ ನೋಡಿ ಬಂದಿದ್ದಾನೆ. ಈಗ ಮಾತು ಮಾತಿಗೂ ವಾಚಿಗೆ ಕೀ ಕೊಡುತ್ತಾನೆ. ಅಷ್ಟು ಕೀ ಬೇಕಾಗಲ್ಲ ಮಾರಾಯ, ದಿನಕ್ಕೊಂದು ಸಲ ಸಾಕು ಅಂದರೂ ಕೇಳಲ್ಲ.

ಈಗ ದುರ್ಯೋಧನ. ಅವನ ವಾದದಲ್ಲೂ ಹುರುಳಿದೆ. ಬೆಂಗಳೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡದ ಊರು ಕಡಿಮೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಪಾತ್ರಧಾರಿಗಳೇ ದುಡ್ಡು ಹಾಕುತ್ತಾರೆ, ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲಿ ಇವತ್ತಿಗೂ ಇಂಥ ನಾಟಕ ನಡೆಯುತ್ತವೆ. ‘ಹಗಲು ಕಾರ್ಖಾನೆ, ರಾತ್ರಿ ಕೌರವ. ಆ ಕಾಲದ ಬೆಂಗಳೂರಲ್ಲಿ ಅಂಥವರು ಇರಲಿಲ್ವಾ?’ ಅಂತ ಅವನು. ಇದ್ದರು, ಒಪ್ಪಿದೆವು.

ಆದರೆ ಬಾಡಿಗೆಗೆ ತಂದ ಡ್ರೆಸ್ ನೋಡಿದರೆ ತಲೆ ತಿರುಗುತ್ತದೆ. ಎದೆಕವಚ, ಭುಜಕೀರ್ತಿ, ಕಿರೀಟ, ಗದೆ. ಭುಜಕೀರ್ತಿ ಹಾಕಿದರೆ ಆಟೋದಲ್ಲಿ ಒಬ್ಬನೇ ಕೂರಬೇಕು. ಕಿರೀಟ ಹಾಕಿದರೆ ಆಟೋ ಒಳಗೇ ಹೋಗಲ್ಲ. ಗದೆಯನ್ನು ಮೆಟ್ರೋ ಸೆಕ್ಯುರಿಟಿಯವರ ಎಕ್ಸ್-ರೇ ಬೆಲ್ಟ್ ಮೇಲೆ ಇಡುವ ದೃಶ್ಯ ನೆನೆಸಿಕೊಂಡೇ ನಾವು ಅರ್ಧ ಗಂಟೆ ನಕ್ಕೆವು.

ದಾರಿ ತೋರಿಸಿದ್ದು ಗೇಟ್ ಕೀಪರ್. ರಂಗದ ಮೇಲಿನ ದುರ್ಯೋಧನ ಬೇಡ, ಬಣ್ಣದ ಮನೆಯಿಂದ ಟೀಗೆ ಎದ್ದು ಬಂದವನು ಸಾಕು ಅಂದಳು. ಮುಖಕ್ಕೆ ಪೂರ್ತಿ ಬಣ್ಣ, ಹುರಿ ಮೀಸೆ, ಆದರೆ ಮೈಮೇಲೆ ಬನಿಯನ್ನು, ಲುಂಗಿ, ಹೆಗಲಿಗೆ ಟವೆಲ್. ಕೈಯಲ್ಲಿ ಮಾತಿನ ಚೀಟಿ, ಬಾಯಿಪಾಠ ಬೇರೆ. ಎಲ್ಲರೂ ಸುಮ್ಮನಾದೆವು. ಅದು ಅಷ್ಟು ಸರಿಯಾಗಿತ್ತು.

ಬಣ್ಣದ ವಿಷಯ ಒಂದು ಮಾತು, ಇದನ್ನು ದಯವಿಟ್ಟು ಓದಿ. ಹಳೆ ನಾಟಕದವರು ಅರದಾಳ, ಇಂಗಳೀಕ ಬಳಸುತ್ತಿದ್ದರು ಅಂತ ‘ಒರಿಜಿನಲ್’ ಹುಡುಕಿಕೊಂಡು ಹೋಗಬೇಡಿ. ಅರದಾಳದಲ್ಲಿ ಇರುವುದು ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ. ಈಗ ಸಿಗುವ ಗ್ರೀಸ್ ಪೇಂಟ್ ಕಡ್ಡಿಯೇ ಸಾಕು. ಹಿಂದಿನ ದಿನ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ತುರಿಕೆ ಬರುತ್ತಾ ನೋಡಿ. ತೆಗೆಯುವಾಗ ಮೊದಲು ಕೊಬ್ಬರಿ ಎಣ್ಣೆ ಸವರಿ ಒರೆಸಿ, ಸೋಪು ಆಮೇಲೆ. ನೇರ ಸೋಪು ಹಾಕಿದರೆ ಬಣ್ಣ ಕಿವಿ ಹಿಂದೆ ಸೇರಿಕೊಂಡು ಆಫೀಸ್ ಮೀಟಿಂಗಿನಲ್ಲಿ ಹೊರಬರುತ್ತದೆ.

ಮಾರ್ಚ್ ಮೊದಲ ಭಾನುವಾರ: ಟ್ರಯಲ್

ಗೇಟ್ ಕೀಪರಿಗೆ ಜ್ವರ, ಬರಲಿಲ್ಲ. ಉಳಿದವರು ಗ್ರೀನ್ ಲೈನ್ ಹಿಡಿದು ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದೆವು. ಹತ್ತುವಾಗ ನಾಣ್ಯದ ಚೀಲ ಎಕ್ಸ್-ರೇಯಲ್ಲಿ ನಿಂತಿತು. ಸೆಕ್ಯುರಿಟಿಯವರು ಬಿಚ್ಚಿ ನೋಡಿ, ಒಂದು ಇಪ್ಪತ್ತು ಪೈಸೆ ಎತ್ತಿ ಪಕ್ಕದವರಿಗೆ ತೋರಿಸಿ, ‘ಹೋಗಿ’ ಅಂದರು. ದುರ್ಯೋಧನನನ್ನು ಯಾರೂ ತಡೆಯಲಿಲ್ಲ. ಒಂದು ಮಗು ಅಳುವುದೋ ನಗುವುದೋ ತಿಳಿಯದೆ ಇಳಿಯುವ ತನಕ ಅವನನ್ನೇ ನೋಡುತ್ತಿತ್ತು.

ಗಾಂಧಿ ಬಜಾರಿನ ತನಕ ನಡೆದೆವು. 1943ರಿಂದ ಇರುವ ವಿದ್ಯಾರ್ಥಿ ಭವನದ ಮುಂದೆ ಭಾನುವಾರದ ಜನ. ಕಾಯುವವರ ನಡುವೆ ನಾನು ಸುಮ್ನೆ ಹಲಗೆ ಹಿಡಿದು ನಿಂತಿದ್ದೆ. ಪಂಚೆ ಉಟ್ಟ ಹಿರಿಯರೊಬ್ಬರು ಹತ್ತಿರ ಬಂದು ಕೈ ಚಾಚಿ ‘ಒಂದು ಮಾರ್ಕೆಟ್’ ಅಂದರು. ಮುಖದಲ್ಲಿ ನಗು ಇಲ್ಲ. ಟಿಕೆಟ್ ಹರಿದು ಕೊಟ್ಟೆ. ಹತ್ತು ರೂಪಾಯಿ ನೋಟು ತೋರಿಸಿ, ಕೊಡದೆ ಹಾಗೇ ಹಿಡಿದುಕೊಂಡರು. ‘ಚಿಲ್ಲರೆ ಇಲ್ಲ ಸ್ವಾಮಿ’ ಅಂದೆ. ‘ಯಾವತ್ತು ಇತ್ತು?’ ಅಂದರು. ಹಿಂದೆ ಬಾಕಿ ಬರೆದುಕೊಡಿ ಅಂತ ಟಿಕೆಟ್ ವಾಪಸ್ ಚಾಚಿದರು. ಬರೆದೆ. ಜೇಬಿಗೆ ಇಟ್ಟುಕೊಂಡು ಕ್ಯೂಗೆ ಮರಳಿದರು.

ಒಳಗೆ ದೋಸೆ ಪರೀಕ್ಷೆಯಲ್ಲಿ ಎಲ್ಲರೂ ಪಾಸ್. ದುರ್ಯೋಧನನ ಮೀಸೆಯ ಬಲಗಡೆ ಮಾತ್ರ ಕಾಫಿಯ ಬಿಸಿಗೆ ಅಂಟು ಬಿಟ್ಟಿತು. ಗಮ್ ಹಚ್ಚಿದ ಮೇಲೆ ಮೀಸೆ ಇಡುವ ಮುಂಚೆ ಸ್ವಲ್ಪ ಒಣಗೋಕೆ ಬಿಡಬೇಕಂತೆ. ಮುಂದಿನ ಸಲ ನೋಡೋಣ.

ಟೈಪಿಂಗ್ ಹುಡುಗಿಯ ಮಸಿ ಚಟ್ನಿಗೆ ಹೋಗಬಾರದು ಅಂತ ಅವಳು ಚಮಚದಲ್ಲಿ ದೋಸೆ ತಿಂದಳು. ಅದು ವೇಷಕ್ಕೆ ಭಂಗ ಅಂತ ನನ್ನ ದೂರು. ಕೈ ತೊಳೆದು ಮತ್ತೆ ಹಚ್ಚಿಕೊಳ್ಳೋಕೆ ಒಂದು ತುಂಡು ಕಾರ್ಬನ್ ಇಟ್ಟುಕೊಂಡರಾಯಿತು, ಅಲ್ವಾ?

ಬಾಕಿ ಇರುವುದು

ಯುಗಾದಿಗೆ ಮುಂಚಿನ ಭಾನುವಾರ ಎಲ್ಲರೂ ಸೇರಿ ಪೂರ್ತಿ ಸುತ್ತು: ಬಸವನಗುಡಿ, ಬ್ಯೂಗಲ್ ರಾಕ್, ಅಲ್ಲಿಂದ ಲಾಲ್‌ಬಾಗ್. ಬಿಸಿಲು ಏರುವುದರಿಂದ ಬೆಳಗ್ಗೆ ಏಳಕ್ಕೇ ಹೊರಡಬೇಕು, ದುರ್ಯೋಧನನ ಬಣ್ಣ ಹನ್ನೊಂದರ ಮೇಲೆ ನಿಲ್ಲಲ್ಲ. ಫೋಟೋ ಎಲ್ಲ ಫೋನಿನಲ್ಲೇ. ದೊಡ್ಡ ಕ್ಯಾಮೆರಾ ತಂದು ಕಾವಲಿನವರ ಹತ್ತಿರ ಮಾತು ಬೆಳೆಸೋದು ಬೇಡ.

ಟಿಕೆಟ್ ಇನ್ನೂ ಎರಡು ಕಟ್ಟು ಬೇಕು, ಟ್ರಯಲ್ ದಿನವೇ ಮುಕ್ಕಾಲು ಖಾಲಿ. ಪಂಚ್ ಈಗ ಸ್ಟೇಷನರಿ ಅಂಗಡಿಯದು, ಸದ್ದು ಸಾಲದು. ವಿಷಲ್ ಸಿಕ್ಕಿಲ್ಲ. ಪ್ಲಾಸ್ಟಿಕ್ಕಿನದು ಬೇಕಾದಷ್ಟಿದೆ, ನನಗೆ ಲೋಹದ್ದೇ ಬೇಕು. ಬರುವ ಭಾನುವಾರ ಮತ್ತೆ ಸಂಡೇ ಬಜಾರ್. ಅಲ್ಲೂ ಸಿಗದಿದ್ದರೆ ಬಾಯಲ್ಲೇ ‘ಹೋಲ್ಡಾನ್’ ಅಂತ ಕೂಗುತ್ತೇನೆ.