ಅಡಕತ್ತರಿ ಹಿಡಿದು ಬ್ರಾಡ್‌ವೇಗೆ

ನಯಾಗರಾ ನೋಡಿದ್ದಾಯಿತು, ವಾಷಿಂಗ್ಟನ್ನಿನ ಬಿಳಿ ಕಟ್ಟಡಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡದ್ದೂ ಆಯಿತು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿ ಬಂದ ಮೇಲೆ ಊರಿನಲ್ಲಿ ಯಾರು ಏನು ಕೇಳಿದರೂ ನನ್ನ ಮಾತು ತಿರುಗುವುದು ನ್ಯೂಯಾರ್ಕಿನ 45ನೇ ಬೀದಿಯಲ್ಲಿ ಒಂದು ಬುಧವಾರ ಮಧ್ಯಾಹ್ನ ಸಾಲು ನಿಂತ ಕಡೆಗೆ.

ನಾವು ಸಾಗರದ ಕಡೆಯ ತೋಟದವರು. ಹೆಗ್ಗೋಡು ಹತ್ತಿರವಿರುವುದರಿಂದ ನೀನಾಸಂ ನಾಟಕಗಳನ್ನು ನೋಡುತ್ತಲೇ ತಲೆ ಹಣ್ಣಾಯಿತು. ಅಲ್ಲಿಗೆ ಹೋಗುವುದೆಂದರೆ ಸಂಜೆಯ ಕೆಲಸ ಮುಗಿಸಿ, ಟಾರ್ಚು, ಮಳೆಗಾಲವಾದರೆ ಕೊಡೆ ಹಿಡಿದು ಹೊರಟರೆ ಆಯಿತು. ಚೀಲದಲ್ಲಿ ಏನಿದೆ ಎಂದು ಕೇಳುವವರಿಲ್ಲ. ಹಾಗಾಗಿ ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ಸೊಸೆ ಬ್ರಾಡ್‌ವೇ ನಾಟಕಕ್ಕೆ ಟಿಕೆಟ್ ತೆಗೆದು, ‘ಅತ್ತೆ, ಒಂದು ಗಂಟೆಗೇ ಹೋಗಿ ನಿಲ್ಲಿ, ಸೆಕ್ಯುರಿಟಿ ಸಾಲು ಉದ್ದ ಇರುತ್ತದೆ’ ಎಂದಾಗ ನನಗೆ ಅಷ್ಟೇನೂ ಅರ್ಥವಾಗಲಿಲ್ಲ. ನಾಟಕ ಎರಡು ಗಂಟೆಗೆ. ವಿಮಾನ ಹತ್ತಲು ಹೋಗುತ್ತಿದ್ದೇವೆಯೇ?

ಬ್ರಾಡ್‌ವೇ ಎಂದರೆ ನ್ಯೂಯಾರ್ಕಿನ 41 ರಂಗಮಂದಿರಗಳು. 500 ಅಥವಾ ಅದಕ್ಕಿಂತ ಹೆಚ್ಚು ಆಸನಗಳಿದ್ದರೆ ಮಾತ್ರ ಆ ಲೆಕ್ಕಕ್ಕೆ ಸೇರುತ್ತವೆ. ತಮಾಷೆಯೆಂದರೆ ಅವುಗಳಲ್ಲಿ ಬ್ರಾಡ್‌ವೇ ರಸ್ತೆಯ ಮೇಲಿರುವವು ಕೆಲವೇ ಕೆಲವು. ಉಳಿದವೆಲ್ಲ ಅದನ್ನು ಅಡ್ಡ ಹಾಯುವ ಬೀದಿಗಳಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಹೆಚ್ಚಿನವು ನೂರು ವರ್ಷದ ಹಿಂದೆ, ಇಕ್ಕಟ್ಟಾದ ನಿವೇಶನಗಳಲ್ಲಿ ಕಟ್ಟಿದವು. ಇದ್ದ ಜಾಗವನ್ನೆಲ್ಲ ರಂಗಕ್ಕೂ ಆಸನಗಳಿಗೂ ಕೊಟ್ಟಿದ್ದಾರೆ, ಮುಂದಿನ ಪಡಸಾಲೆ ಮಾತ್ರ ನಮ್ಮ ಮನೆಯ ಜಗಲಿಗಿಂತ ಚಿಕ್ಕದು. ಬಾಗಿಲು ತೆರೆಯುವುದು ನಾಟಕಕ್ಕೆ ಅರ್ಧ ಗಂಟೆ ಇರುವಾಗ. ಅಷ್ಟರೊಳಗೆ ಸಾವಿರ ಜನರ ಚೀಲ ನೋಡಿ, ಟಿಕೆಟ್ ನೋಡಿ ಒಳಗೆ ಬಿಡಬೇಕು. ಅಲ್ಲಿಯವರೆಗೆ ಸಾವಿರ ಜನರೂ ಪಾದಚಾರಿ ಹಾದಿಯಲ್ಲಿ, ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಪಕ್ಕದ ಥಿಯೇಟರಿನ ಸಾಲೂ ಅಲ್ಲೇ ಬಂದು ಸೇರುವುದರಿಂದ ಯಾರು ಯಾವ ನಾಟಕಕ್ಕೆ ನಿಂತಿದ್ದಾರೆ ಎಂದು ಕೇಳಿಕೊಂಡೇ ನಿಲ್ಲುವುದು ಕ್ಷೇಮ. ನಮ್ಮ ಮುಂದಿದ್ದ ಒಂದು ಕುಟುಂಬ ಹತ್ತು ನಿಮಿಷ ನಿಂತ ಮೇಲೆ ತಮ್ಮದು ಆಚೆಯ ಸಾಲು ಎಂದು ತಿಳಿದು ಓಡಿತು.

ನನಗೆ ಹಾಡು-ಕುಣಿತದ ದೊಡ್ಡ ಮ್ಯೂಸಿಕಲ್‌ಗಳ ಮೇಲೆ ಅಂಥ ಮೋಹವಿಲ್ಲ. ಅಲ್ಲಿ ರಂಗದ ಮೇಲೆ ಯಂತ್ರಗಳು ನಟಿಸುತ್ತವೆ, ನಟರು ಅವುಗಳಿಗೆ ದಾರಿ ಬಿಡುತ್ತಾರೆ. ಟೈಮ್ಸ್ ಸ್ಕ್ವೇರ್‌ನಲ್ಲಿ ಕೆಂಪು ಮೆಟ್ಟಿಲುಗಳ ಕೆಳಗೆ ರಿಯಾಯಿತಿ ಟಿಕೆಟ್ ಮಾರುವ ಕಟ್ಟೆಯಿದೆ. ಅಲ್ಲಿ ಮಾತಿನ ನಾಟಕಗಳಿಗೆಂದೇ ಬೇರೆ ಕಿಟಕಿ, ಅದರ ಮುಂದೆ ಜನ ಕಡಿಮೆ. ನನ್ನಂಥವರ ಕಿಟಕಿ ಅದು. ಸೊಸೆಗೆ ನನ್ನ ರುಚಿ ಗೊತ್ತಿದ್ದರಿಂದ ಹಾಡಿಲ್ಲದ ನಾಟಕವನ್ನೇ ಆರಿಸಿದ್ದಳು.

ಬುಧವಾರದ ಮಧ್ಯಾಹ್ನದ ಆಟಕ್ಕೆ ಬರುವವರಲ್ಲಿ ಮುಕ್ಕಾಲು ಪಾಲು ನಮ್ಮ ವಯಸ್ಸಿನವರೇ. ಊರುಗೋಲುಗಳು, ತಳ್ಳುವ ಕುರ್ಚಿಗಳು, ಔಷಧಿ ಡಬ್ಬಿಗಳು. ನನ್ನ ಮುಂದೆ ನಿಂತಿದ್ದ ಅಜ್ಜಿಗೆ ಎಂಬತ್ತರ ಮೇಲಾಗಿರಬೇಕು. ಕ್ವೀನ್ಸ್ ಭಾಗದಲ್ಲಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಒಬ್ಬರೇ ಬಂದಿದ್ದರು. ಮಡಚಿದ ಒಂದು ಚಿಕ್ಕ ಸ್ಟೂಲನ್ನು ಹೆಗಲಿಗೆ ತೂಗುಹಾಕಿಕೊಂಡಿದ್ದರು. ಸಾಲು ನಿಂತ ಕೂಡಲೇ ಅದನ್ನು ಬಿಡಿಸಿ ಕುಳಿತರು, ಸಾಲು ಸರಿದಾಗ ಎದ್ದು ಅದನ್ನು ಕಾಲಿನಿಂದಲೇ ಮುಂದಕ್ಕೆ ದಬ್ಬಿದರು.

‘ಮೊದಲ ಸಲವೇ?’ ಎಂದು ಕೇಳಿದರು. ಹೌದೆಂದೆ.

‘ಹಾಗಾದರೆ ಚೀಲದ ಜಿಪ್ಪನ್ನು ಈಗಲೇ ತೆರೆದಿಟ್ಟುಕೊಳ್ಳಿ. ಬೀಗದ ಕೈ, ಮೊಬೈಲು ಒಂದೇ ಕೈಯಲ್ಲಿರಲಿ. ಶೌಚಕ್ಕೆ ಹೋಗುವುದಿದ್ದರೆ ಆ ದೊಡ್ಡ ಹೋಟೆಲಿಗೆ ಈಗಲೇ ಹೋಗಿ ಬನ್ನಿ, ನಿಮ್ಮ ಜಾಗ ನಾನು ನೋಡಿಕೊಳ್ಳುತ್ತೇನೆ. ಒಳಗೆ ಹೆಂಗಸರ ಸಾಲು ಇದಕ್ಕಿಂತ ಉದ್ದ.’

ಮೂರೂ ಮಾತು ನಿಜವಾದವು. ಮೂರನೆಯದನ್ನು ನಾನು ಪಾಲಿಸಲಿಲ್ಲ, ಮಧ್ಯಂತರದ ಹದಿನೈದು ನಿಮಿಷವೂ ಮೆಟ್ಟಿಲ ಮೇಲೆಯೇ ಕಳೆಯಿತು.

ಬಳಿಕ ಅವರ ಮಾತು ನಾಟಕಗಳ ಕಡೆ ಹೊರಳಿತು. ಇದೇ ಬೀದಿಯಲ್ಲಿ, ಟೈಮ್ಸ್ ಸ್ಕ್ವೇರ್ ದಾಟಿದರೆ ಸಿಗುವ ಲೈಸಿಯಂ ಥಿಯೇಟರನ್ನು ನೋಡದೆ ಹೋಗಬೇಡಿ ಎಂದರು. 1903ರಲ್ಲಿ ಅದನ್ನು ಕಟ್ಟಿಸಿದ ಡೇನಿಯಲ್ ಫ್ರೋಮನ್ ರಂಗದ ಮೇಲುಗಡೆಯೇ ತನ್ನ ಮನೆ ಮಾಡಿಕೊಂಡಿದ್ದನಂತೆ. ಮನೆಯ ಗೋಡೆಯಲ್ಲಿ ಒಂದು ಪುಟ್ಟ ಕಿಂಡಿ. ಹೆಂಡತಿ ಮಾರ್ಗರೆಟ್ ಇಲಿಂಗ್ಟನ್ ನಟಿ. ಅವಳ ಅಭಿನಯ ಅತಿಯಾಯಿತು ಎನ್ನಿಸಿದಾಗ ಗಂಡ ಆ ಕಿಂಡಿಯಿಂದ ಬಿಳಿ ಕರವಸ್ತ್ರ ಬೀಸುತ್ತಿದ್ದನೆಂದು ಹೇಳುತ್ತಾರೆ. ಇದನ್ನು ಪಕ್ಕದಲ್ಲಿದ್ದ ಇವರಿಗೆ, ಎಂದರೆ ನನ್ನ ಯಜಮಾನರಿಗೆ, ಕನ್ನಡದಲ್ಲಿ ಹೇಳಿದೆ. ‘ನಮ್ಮ ಕಡೆಯ ಕೆಲವರಿಗೆ ಕರವಸ್ತ್ರ ಸಾಲುತ್ತಿರಲಿಲ್ಲ, ಪಂಚೆಯನ್ನೇ ಬೀಸಬೇಕಿತ್ತು’ ಎಂದರು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಅಜ್ಜಿಗೆ ಹೇಳಲು ಪಂಚೆಯೆಂದರೇನೆಂದು ಮೊದಲು ವಿವರಿಸಬೇಕಾಯಿತು.

ನನ್ನನ್ನು ನಿಲ್ಲಿಸಿ ಕೇಳಿಸಿದ ಸಂಗತಿ ಬೇರೆ. ಈ ನಾಟಕದಲ್ಲಿ ತಾಯಿಯ ಪಾತ್ರಕ್ಕೆ ಹೆಸರಾಂತ ನಟಿಯೊಬ್ಬರಿದ್ದರು. ಸಾಲಿನಲ್ಲಿದ್ದ ಬಹಳ ಜನ ಅವರನ್ನು ನೋಡಲೆಂದೇ ಬಂದವರು. ಅಜ್ಜಿ ದನಿ ತಗ್ಗಿಸಿ, ‘ಅವಳು ಇವತ್ತು ಬರದಿದ್ದರೆ ಒಳ್ಳೆಯದು’ ಎಂದರು.

ಅವಳ ಮೇಲೆ ಏನು ಕೋಪ ಎಂದು ಕೇಳಿದೆ.

‘ಕೋಪವಿಲ್ಲ. ಒಳಗೆ ನಿಮಗೆ ಪ್ಲೇಬಿಲ್ ಎಂಬ ಪುಸ್ತಿಕೆ ಪುಕ್ಕಟೆಯಾಗಿ ಕೊಡುತ್ತಾರೆ. ಯಾರಾದರೂ ನಟರು ಬಂದಿಲ್ಲದಿದ್ದರೆ ಅದರೊಳಗೆ ಒಂದು ಬಿಳಿ ಚೀಟಿ ಇರುತ್ತದೆ. ಈ ಪ್ರದರ್ಶನದಲ್ಲಿ ಇಂಥವರ ಬದಲು ಇಂಥವರು ಎಂದು. ಚೀಟಿ ಬಿದ್ದರೆ ಜನ ಮುಖ ಸಿಂಡರಿಸುತ್ತಾರೆ. ಬೋರ್ಡಿನಲ್ಲಿ ನಾಟಕದ ಹೆಸರಿಗಿಂತ ಮೇಲೆ ಯಾರ ಹೆಸರಿದೆಯೋ ಅವರು ಬರದಿದ್ದರೆ ದುಡ್ಡು ವಾಪಸು ಕೇಳಬಹುದು, ಕೆಲವರು ಎದ್ದು ಹೋಗಿಯೂ ಬಿಡುತ್ತಾರೆ. ನಾನು ಆ ಚೀಟಿಗಳನ್ನು ಕೂಡಿಡುತ್ತೇನೆ. ಎರಡು ಬೂಟಿನ ಪೆಟ್ಟಿಗೆ ತುಂಬಿವೆ.’

ಏಕೆ ಎಂದು ನಾನು ಕೇಳುವ ಮೊದಲೇ ಹೇಳಿದರು: ‘ಆ ಬದಲಿ ನಟಿ ತಿಂಗಳುಗಟ್ಟಲೆ ಈ ಕಟ್ಟಡಕ್ಕೆ ಬಂದು ಕುಳಿತು ಕಾದಿರುತ್ತಾಳೆ. ಒಬ್ಬಳೇ ಎರಡು ಮೂರು ಪಾತ್ರಗಳ ಮಾತು ಬಾಯಿಪಾಠ ಮಾಡಿರುತ್ತಾಳೆ. ಮಧ್ಯಾಹ್ನ ಫೋನ್ ಬರುತ್ತದೆ, ಈ ಹೊತ್ತು ನೀನೇ ಎಂದು. ಅಂಥವಳು ಮೊದಲ ಮಾತು ಆಡುವುದನ್ನು ನೋಡಬೇಕು. ನಾನೂ ಬದಲಿ ಶಿಕ್ಷಕಿಯಾಗಿಯೇ ಕೆಲಸ ಆರಂಭಿಸಿದವಳು.’

ಅಷ್ಟರಲ್ಲಿ ಸಾಲು ಸರಿಯತೊಡಗಿತು. ಕಪ್ಪು ಕೋಟಿನ ಒಬ್ಬ ಸಾಲಿನುದ್ದಕ್ಕೂ ನಡೆದಾಡುತ್ತ ‘ಚೀಲ ತೆರೆದಿಡಿ, ಟಿಕೆಟ್ ಕೈಯಲ್ಲಿ ಹಿಡಿಯಿರಿ’ ಎಂದು ರಾಗವಾಗಿ ಕೂಗುತ್ತಿದ್ದ. ಮದ್ದಳೆಯೊಂದು ಜೊತೆಗಿದ್ದಿದ್ದರೆ ಭಾಗವತಿಕೆಯೇ. ಬಾಗಿಲ ಬಳಿ ಇನ್ನೊಬ್ಬನ ಒಂದು ಕೈಯಲ್ಲಿ ಸಣ್ಣ ಟಾರ್ಚು, ಮತ್ತೊಂದರಲ್ಲಿ ತೆಳ್ಳನೆಯ ಕಡ್ಡಿ. ಚೀಲಕ್ಕೆ ಕೈ ಹಾಕುವುದಿಲ್ಲ, ಕಡ್ಡಿಯಿಂದ ಸಾಮಾನು ಸರಿಸಿ ಇಣುಕುತ್ತಾನೆ. ನನ್ನ ಚೀಲದ ಕೋಡುಬಳೆ ಪೊಟ್ಟಣವನ್ನು ಕಡ್ಡಿಯಿಂದ ಒತ್ತಿ ನೋಡಿದ, ಅದು ಕಟುಂ ಎಂದಿತು, ಬಿಟ್ಟ.

ಮುಂದಿನದು ಇವರ ಕವಳದ ಸಂಚಿ. ಎಡಿಸನ್ನಿನ ಓಕ್ ಟ್ರೀ ರಸ್ತೆಯಲ್ಲಿ ವೀಳ್ಯದೆಲೆ ಸಿಗುತ್ತದೆಂದು ತಿಳಿದಂದಿನಿಂದ ಇವರಿಗೆ ಅಮೆರಿಕ ಒಗ್ಗಿತ್ತು. ಕಡ್ಡಿ ಲೋಹಕ್ಕೆ ತಾಗಿ ಟಣ್ ಎಂದಿತು. ಹೊರಬಂದದ್ದು ಮಾವನವರ ಕಾಲದ ಅಡಕತ್ತರಿ: ಕಬ್ಬಿಣದ ಬಾಯಿ, ಹಿತ್ತಾಳೆಯ ಹಿಡಿ, ಹಿಡಿಯ ತುದಿಗೆ ಸವೆದು ಕೊಕ್ಕು ಮೊಂಡಾದ ಗಿಳಿ. ಕಾವಲುಗಾರ ಅದನ್ನು ತೆರೆದು ಮುಚ್ಚಿ ನೋಡಿದ. ಗಿಳಿಯನ್ನು ಹೆಬ್ಬೆರಳಿನಿಂದ ಸವರಿದ. ‘ಇದೇನು ಸಾರ್?’ ಎಂದ, ದನಿಯಲ್ಲಿ ಗದರಿಕೆ ಇರಲಿಲ್ಲ.

ಅಡಿಕೆ ಹೋಳು ಮಾಡುವ ಸಾಧನ ಎಂದು ವಿವರಿಸಿದೆ. ಅವನು ತಲೆದೂಗಿದ, ಆದರೆ ಅಲಗು ಇರುವ ಯಾವುದನ್ನೂ ಒಳಗೆ ಬಿಡುವಂತಿಲ್ಲ ಎಂದ. ಇಟ್ಟುಕೊಳ್ಳುವ ವ್ಯವಸ್ಥೆ ಇಲ್ಲ. ಒಂದೋ ಪಕ್ಕದ ಕಸದ ಡಬ್ಬಿ, ಇಲ್ಲವೇ ಹೊರಗೆ. ಡಬ್ಬಿಯಲ್ಲಿ ಆಗಲೇ ನೀರಿನ ಬಾಟಲಿಗಳು, ಅರ್ಧ ಕುಡಿದ ಕಾಫಿ ಲೋಟಗಳು ತುಂಬಿದ್ದವು.

‘ಅಪ್ಪಯ್ಯನ ಅಡಕತ್ತರಿ ಕಸಕ್ಕೆ ಹಾಕಿ ನಾಟಕ ನೋಡಬೇಕೇ ಮಾರಾಯ್ತಿ? ನೀನು ಹೋಗು, ನಾನು ಇಲ್ಲೇ ನಿಂತಿರುತ್ತೇನೆ’ ಎಂದು ಇವರು ಸಾಲಿನಿಂದ ಹೊರಬಿದ್ದೇ ಬಿಟ್ಟರು. ಇಬ್ಬರ ಟಿಕೆಟೂ ಇದ್ದದ್ದು ನನ್ನ ಮೊಬೈಲಿನಲ್ಲಿ. ಇವರ ಮೊಬೈಲಿಗೆ ಅಲ್ಲಿನ ಸಿಮ್ ಇರಲಿಲ್ಲ. ಇಲ್ಲಿ ಒಂದು ಮಾತು ಹೇಳಲೇಬೇಕು: ಜೋಡಿಯಾಗಿ ಹೋಗುವವರು ಟಿಕೆಟನ್ನು ಇಬ್ಬರ ಮೊಬೈಲಿಗೂ ಬೇರೆಬೇರೆಯಾಗಿ ಹಾಕಿಸಿಕೊಳ್ಳಿ. ಅಲಗಿನ ವಸ್ತುಗಳ ನಿಷೇಧವನ್ನು ಟಿಕೆಟ್ ಮಾರುವವರು ದಪ್ಪ ಅಕ್ಷರದಲ್ಲಿ ಹಾಕಿದರೆ ಅವರ ಗಂಟೇನೂ ಹೋಗುವುದಿಲ್ಲ. ಆಸನಕ್ಕೆ ವಿಮೆ ಬೇಕೇ ಎಂಬ ಪ್ರಶ್ನೆ ಮಾತ್ರ ಪರದೆ ತುಂಬ ಬರುತ್ತದೆ.

ಅಜ್ಜಿ ಒಳಗೆ ಹೋಗದೆ ನಿಂತರು. ‘ಇವರು ನನ್ನ ಜೊತೆಯವರು, ಆತ ಈಗ ಬರುತ್ತಾನೆ’ ಎಂದು ಕಾವಲುಗಾರನಿಗೆ ಮೇಷ್ಟರಗಿತ್ತಿಯ ದನಿಯಲ್ಲಿ ಹೇಳಿದರು. ಅವನು ನಮ್ಮನ್ನು ಬಾಗಿಲ ಪಕ್ಕಕ್ಕೆ ಸರಿಸಿ ನಿಲ್ಲಿಸಿದ. ಗಂಟೆ ಒಂದು ಐವತ್ತು. ಬೆಂಗಳೂರಿನ ರಂಗಶಂಕರದಲ್ಲಿ ಏಳೂವರೆಗೆ ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ, ಅದು ನನಗೆ ಇಷ್ಟವಾದ ಪದ್ಧತಿ. ಆ ಹೊತ್ತಿನಲ್ಲಿ ಇಷ್ಟವಾಗಲಿಲ್ಲ.

ಎರಡಕ್ಕೆ ನಾಲ್ಕು ನಿಮಿಷ ಇರುವಾಗ ಇವರು ಬರಿಗೈಯಲ್ಲಿ, ಬಾಯಿ ಕೆಂಪು ಮಾಡಿಕೊಂಡು ಬಂದರು.

ನಡೆದದ್ದು ಇಷ್ಟು. ಎಂಟನೇ ಅವೆನ್ಯೂ ಮೂಲೆಯಲ್ಲಿ ಹಲಾಲ್ ಕೋಳಿ ಅನ್ನ ಮಾರುವ ಗಾಡಿಯಿತ್ತು. ಇವರು ಅದರ ಪಕ್ಕ ನಿಂತು, ಸಿಟ್ಟಿಗೆ ಒಂದು ಅಡಿಕೆ ಕತ್ತರಿಸಿದ್ದಾರೆ. ಗಾಡಿಯ ಹುಡುಗ ಬಾಂಗ್ಲಾದೇಶದವನು. ಕಟ್ ಎಂಬ ಸದ್ದಿಗೆ ತಿರುಗಿ ನೋಡಿ, ಕಾವಲಿಯ ಮೇಲಿನ ಸೌಟು ಬಿಟ್ಟು ಕೆಳಗಿಳಿದು ಬಂದನಂತೆ. ಅವನ ಅಜ್ಜಿಯ ಹತ್ತಿರ ಇಂಥದೇ ಇತ್ತು, ಹಿಡಿಯಲ್ಲಿ ಗಿಳಿ ಇರಲಿಲ್ಲ ಅಷ್ಟೇ. ಇವರ ಹರಕು ಹಿಂದಿಗೂ ಅವನ ಹಿಂದಿಗೂ ಹೇಗೋ ಹೊಂದಿಕೊಂಡಿತು. ‘ಚಾಚಾ, ನಾಟಕ ಮುಗಿಯುವವರೆಗೆ ನನ್ನ ಹತ್ತಿರ ಇರಲಿ’ ಎಂದು ಕಾಗದದ ಕರವಸ್ತ್ರದಲ್ಲಿ ಸುತ್ತಿ, ದುಡ್ಡಿನ ಡಬ್ಬಿಯ ಕೆಳಗೆ ಇಟ್ಟನಂತೆ. ಪಾಸ್‌ಪೋರ್ಟನ್ನು ನನ್ನ ಕೈಗೂ ಕೊಡದ ಮನುಷ್ಯ, ಹೆಸರೂ ಕೇಳದೆ ಅಡಕತ್ತರಿ ಕೊಟ್ಟು ಬಂದಿದ್ದರು.

ಕವಳ ಉಗುಳಿ ಬನ್ನಿ ಎಂದೆ. ಅದಕ್ಕೂ ಒಂದು ನಿಮಿಷ ಹೋಯಿತು.

ಪ್ಲೇಬಿಲ್ ತೆರೆದಾಗ ಚೀಟಿ ಇತ್ತು. ನಮ್ಮ ಸುತ್ತಲಿನವರು ನಿಟ್ಟುಸಿರಿಟ್ಟರು, ನಾನು ಎರಡು ಸಾಲು ಮುಂದೆ ಕುಳಿತ ಅಜ್ಜಿಯನ್ನು ನೋಡಿದೆ. ಅವರು ಹಿಂದಿರುಗಿ ನನಗೆ ಚೀಟಿ ಅಲ್ಲಾಡಿಸಿ ತೋರಿಸಿದರು. ನಾಟಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಂಗದ ನಡುವೆ ಸೋಫಾ, ಅದರ ಸುತ್ತ ಜಗಳವಾಡುವ ಕುಟುಂಬ, ಜಗಳಕ್ಕೆ ಕಾರಣ ಮನೆ ಮಾರುವ ವಿಚಾರ. ಮಧ್ಯಂತರದವರೆಗೆ ಎಳೆದಾಟ. ಆದರೆ ಆ ಬದಲಿ ನಟಿ ಮೊದಲ ಪ್ರವೇಶದಲ್ಲಿ ಬಾಗಿಲ ಹಿಡಿಯನ್ನು ಬಿಡದೆ, ಮಾತೂ ಆಡದೆ ಮನೆಯನ್ನೆಲ್ಲ ಕಣ್ಣಿನಲ್ಲೇ ಅಳೆದಳು. ಪಾತ್ರವೇ ಹಾಗೋ, ಅವಳಿಗೆ ಕಾಲು ನಡುಗುತ್ತಿತ್ತೋ ಹೇಳಲಾರೆ. ಸಾಲಿನಲ್ಲಿ ಆ ಮಾತು ಕೇಳದಿದ್ದರೆ ನಾನು ಅದನ್ನು ಗಮನಿಸುತ್ತಲೂ ಇರಲಿಲ್ಲ. ಕೊನೆಗೆ ಇಡೀ ಮಂದಿರ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಲ್ಲಿ ಎಲ್ಲ ನಾಟಕಕ್ಕೂ ಎದ್ದೇ ತಟ್ಟುತ್ತಾರೆ ಎಂದು ಸೊಸೆ ಮೊದಲೇ ಹೇಳಿದ್ದಳು. ನಾನು ಮಾತ್ರ ಆ ನಟಿಗಾಗಿಯೇ ಎದ್ದೆ.

ಹೊರಗೆ ಬಂದರೆ ಗಾಡಿ ಅಲ್ಲೇ ಇತ್ತು. ಇವರು ಬಿಟ್ಟುಹೋಗಿದ್ದ ಅಡಿಕೆಯನ್ನು ಹುಡುಗ ಆಗಲೇ ಕತ್ತರಿಸಿ ಪಕ್ಕದ ಹಣ್ಣಿನ ಗಾಡಿಯವನಿಗೂ ಹಂಚಿದ್ದ. ಅಡಕತ್ತರಿ ಒರೆಸಿ ಕೊಟ್ಟ. ದುಡ್ಡು ಕೊಡಹೋದರೆ ಕೈ ಹಿಂದಕ್ಕೆಳೆದುಕೊಂಡ. ನಾವು ಕೋಳಿ ತಿನ್ನುವವರಲ್ಲ, ಎರಡು ಬಾಟಲಿ ನೀರು ಕೊಂಡೆವು. ಇವರು ಬೆಳಕಿಗೆ ಹಿಡಿದು ಅಲಗಿನ ಬಾಯಿ ಪರೀಕ್ಷಿಸಿದ್ದು ನನಗೆ ನಾಚಿಕೆಯಾಯಿತು, ಹುಡುಗನಿಗೆ ನಗು ಬಂತು.

ಊರಿಗೆ ಹೊರಡುವ ಮುಂಚೆ ಇನ್ನೊಂದು ನಾಟಕಕ್ಕೆ ಹೋದೆವು. ಈ ಸಲ ಇವರು ಮನೆಯಲ್ಲೇ ಅಡಿಕೆ ಕತ್ತರಿಸಿ, ಪುಟ್ಟ ಡಬ್ಬಿಗೆ ತುಂಬಿಕೊಂಡು ಬಂದಿದ್ದರು. ಕಾವಲಿನ ಹೆಂಗಸು ಮುಚ್ಚಳ ತೆಗೆದು, ಮೂಸಿ, ‘ಇದೇನು?’ ಎಂದಳು. ನಾನು ತೋಟದಿಂದ ಶುರುಮಾಡಿ ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಹಿಂದಿದ್ದವರೆಲ್ಲ ಪಕ್ಕದ ಸಾಲಿನಿಂದ ಒಳಗೆ ಹೋಗಿಯಾಗಿತ್ತು.