ಕುಕ್ಕರ್ ಸೀಟಿ ಕೇಳಿಸಿದರೂ ಇರಲಿ

ಧಾರವಾಡ
ಜುಲೈ 13, 2025, ಭಾನುವಾರ

ಬೆಳಗಿನಿಂದ ಜಿಟಿಜಿಟಿ ಮಳೆ, ಜೊತೆಗೆ ಆಷಾಢದ ಗಾಳಿ. ಮಧ್ಯಾಹ್ನ ಅಕ್ಕನ ಮಗಳು ಗಿಟಾರ್ ಚೀಲಕ್ಕೆ ಪ್ಲಾಸ್ಟಿಕ್ ಹೊದಿಸಿಕೊಂಡು ಬಂದಳು. ಗದಗಿನ ಹುಡುಗಿ, ಓದಲು ಬಂದು ಮಾಳಮಡ್ಡಿಯಲ್ಲಿ ರೂಮ್ ಮಾಡಿದ್ದಾಳೆ. ಗಿರ್ಮಿಟ್ಟು, ಮಿರ್ಚಿ ತಿಂದು ಚಹಾ ಕುಡಿದ ಮೇಲೆ ಕೇಳಿದಳು, “ಮಾಮಾ, ತಾವ ಬರದು ತಾವ ಹಾಡೋರದ್ದು ಹೊಸಾ ಆಲ್ಬಮ್ ಯಾವುದರ ಹೇಳ್ರಿ.”

ಅವಳೂ ಹಾಡು ಬರೆಯುತ್ತಾಳೆ, ಕನ್ನಡದಲ್ಲೇ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಹಿಂದೆ ಕುಕ್ಕರ್ ಸೀಟಿ ಬಂತು, ಮಳೆ ಸದ್ದು ಬಂತು ಅಂತ ಅಳಿಸಿ ಹಾಕುತ್ತಾಳಂತೆ. ಕೇಳಿ ನನಗೆ ಸಂಕಟವಾಯಿತು.

ಅದಕ್ಕೇ ಮೊದಲು ಹಾಕಿದ್ದು ಇಂಗ್ಲೆಂಡಿನ ಲಾರಾ ಮಾರ್ಲಿಂಗ್ ಅವರ ‘ಪ್ಯಾಟರ್ನ್ಸ್ ಇನ್ ರಿಪೀಟ್’. 2024ರ ಅಕ್ಟೋಬರಿನದು. ಮಗಳು ಹುಟ್ಟಿದ ಮೇಲಿನ ಹಾಡುಗಳು. ಮನೆಯಲ್ಲೇ, ಕೂಸನ್ನು ಹತ್ತಿರ ಇಟ್ಟುಕೊಂಡೇ ಹಾಡಿದ್ದಾರೆ. ಡ್ರಮ್ಸ್ ಇಲ್ಲವೇ ಇಲ್ಲ. ಮೊದಲ ಹಾಡು ಶುರುವಾಗುವಾಗ ಮನೆಯ ಮಾತು, ಕೂಸಿನ ಸದ್ದು ಕೇಳುತ್ತದೆ. ಅದನ್ನು ಅವರು ತೆಗೆದುಹಾಕಿಲ್ಲ. ಕೂಸಿಗಾಗಿ ಹಾಡುವಾಗ ಯಾರೂ ಗಂಟಲು ಎತ್ತುವುದಿಲ್ಲ ಅಲ್ವಾ? ಇಡೀ ಆಲ್ಬಮ್ ಅಷ್ಟೇ ಮೆಲ್ಲಗಿದೆ. ಹುಡುಗಿ ಗಿಟಾರ್ ಕೆಳಗಿಟ್ಟು ಕೇಳಿದಳು.

ಆಮೇಲೆ ಅಮೆರಿಕದ ಏಡ್ರಿಯನ್ ಲೆಂಕರ್ ಅವರ ‘ಬ್ರೈಟ್ ಫ್ಯೂಚರ್’, 2024ರ ಮಾರ್ಚಿನದು. ಕಾಡಿನೊಳಗಿನ ಒಂದು ಸ್ಟುಡಿಯೋದಲ್ಲಿ ಗೆಳೆಯರ ಜೊತೆ ಕುಳಿತು, ಕಂಪ್ಯೂಟರ್ ಮುಟ್ಟದೆ, ಟೇಪಿನ ಮೇಲೆ ಮಾಡಿದ್ದು. ಮೊದಲ ಹಾಡಿನಲ್ಲಿ ಬಾಲ್ಯದ ಮನೆ, ತಾಯಿ, ಸತ್ತ ನಾಯಿ. ಪಿಯಾನೋ ಹಿಂದೆ ಹಿಂದೆ ಬರುತ್ತದೆ, ಅವಸರವೇ ಇಲ್ಲ. ಉಸಿರು ಸಹ ಕೇಳುತ್ತದೆ. ಮೊಬೈಲಿನ ಸ್ಪೀಕರಿನಲ್ಲಿ ಇದು ದಕ್ಕುವುದಿಲ್ಲ, ಹೆಡ್‌ಫೋನ್ ಬೇಕೇ ಬೇಕು.

ಇಂಗ್ಲೆಂಡಿನ ಗಾಯಕಿ ಬೆತ್ ಗಿಬ್ಬನ್ಸ್ ಅವರ ‘ಲೈವ್ಸ್ ಔಟ್‌ಗ್ರೋನ್’ ಕೂಡ ಹೇಳಿದೆ. ವಯಸ್ಸು, ಸಾವು, ಅಗಲಿಕೆ ತುಂಬಿದ ಆಲ್ಬಮ್. ಹತ್ತು ವರ್ಷ ಹಿಡಿದ ಕೆಲಸ. ಇಪ್ಪತ್ತರ ವಯಸ್ಸಿಗೆ ಈಗಲೇ ಬೇಡ, ಮುಂದೆ ಕೇಳಲಿ.

ನನಗೆ ಎಲ್ಲಕ್ಕಿಂತ ಹತ್ತಿರದ್ದು ಅಮೆರಿಕದ ಜೋಡಿ ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್ ಅವರ ‘ವುಡ್‌ಲ್ಯಾಂಡ್’, 2024ರ ಆಗಸ್ಟಿನದು. ವುಡ್‌ಲ್ಯಾಂಡ್ ಅಂದರೆ ನ್ಯಾಶ್‌ವಿಲ್ ಊರಿನ ಅವರದೇ ಸ್ಟುಡಿಯೋ. 2020ರ ಮಾರ್ಚಿನಲ್ಲಿ ಸುಂಟರಗಾಳಿ ಅದರ ಚಾವಣಿ ಕಿತ್ತಿತು. ಒಳಗೆ ಮಳೆ. ಇಬ್ಬರೂ ರಾತ್ರಿ ಓಡಿಹೋಗಿ ಟೇಪು, ವಾದ್ಯ ಹೊತ್ತು ಉಳಿಸಿಕೊಂಡರು. ರಿಪೇರಿ ಮಾಡಿ, ಅಲ್ಲೇ ಕುಳಿತು ಈ ಹತ್ತು ಹಾಡು ಮುಗಿಸಿದರು. ಮುಖ್ಯವಾಗಿ ಎರಡು ಗಿಟಾರ್, ಎರಡು ದನಿ. ಯಾವುದು ಯಾರದೆಂದು ಕೆಲವು ಕಡೆ ತಿಳಿಯುವುದೇ ಇಲ್ಲ.

ಇದನ್ನು ಹೇಳುವಾಗ ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾದದ್ದು ಶರೀಫರ ಸೋರುವ ಮಾಳಿಗೆ. ಇಲ್ಲಿಂದ ದೂರವೇನಿಲ್ಲ ಶಿಶುನಾಳ, ಈಗಿನ ಹಾವೇರಿ ಜಿಲ್ಲೆ. 1819ರಲ್ಲಿ ಹುಟ್ಟಿದವರು ತಮ್ಮ ಸುತ್ತ ಕಂಡದ್ದನ್ನೇ ಪದ ಕಟ್ಟಿ ಹಾಡಿದರು. ಗಿರಣಿ, ಹುಕ್ಕಾ, ಸೋರುವ ಮನೆ, ಯಾವುದನ್ನೂ ಬಿಡಲಿಲ್ಲ. ಗದಗಿನ ಹುಡುಗಿಯ ಹಾಡಿನಲ್ಲಿ ಕುಕ್ಕರ್ ಸೀಟಿ ಯಾಕೆ ಇರಬಾರದು? ನನಗೆ ಆ ಸೀಟಿ ಕೇಳಬೇಕು. ಹಾಗಂತ ಹೇಳಿಯೂ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಮಳೆ ಸ್ವಲ್ಪ ನಿಂತಾಗ ಹೊರಟಳು.

ರಾತ್ರಿ ಒಂಬತ್ತೂವರೆಗೆ ವಾಟ್ಸಾಪಿನಲ್ಲಿ ಅವಳ ಹಾಡು ಬಂತು. ತಗಡಿನ ಮೇಲೆ ಮಳೆ, ಯಾರೋ ಬಾಗಿಲು ಹಾಕಿದ ಸದ್ದು, ಆಮೇಲೆ ಇವಳ ದನಿ. ಮೂರು ಸಲ ಕೇಳಿದೆ. ಎರಡನೇ ಚರಣದಲ್ಲಿ ಮಾತು ತಿಳಿಯುತ್ತಿಲ್ಲ. ಎರಡು ಹೆಜ್ಜೆ ಒಳಗೆ ಸರಿದು ಕುಳಿತು ಇನ್ನೊಮ್ಮೆ ಹಾಡು ಅಂತ ಬರೆದೆ. ಕಿಟಕಿ ಮಾತ್ರ ಮುಚ್ಚಬೇಡ ಅಂದೆ.