ಬ್ಯಾಕ್ಟೀರಿಯಾಗೆ ವೈರಸ್ ತಗುಲಿದರೆ ನಮಗೆ ಒಳ್ಳೇದೇ ಅಲ್ವಾ?

ಮೈಸೂರಿನ ಕಾಲೇಜೊಂದರಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಹೊಸ ಬ್ಯಾಚ್ ಬಂದಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಬರುವ ಹಿರಿಯರೂ ಬಿಡುವುದಿಲ್ಲ: "ಬ್ಯಾಕ್ಟೀರಿಯಾನೇ ಕೊಲ್ಲೋ ವೈರಸ್ ಇದೆಯಂತಲ್ಲ ಮೇಡಂ, ಅದು ಜಾಸ್ತಿ ಆದಷ್ಟೂ ನಮಗೆ ಕಾಯಿಲೆ ಕಡಿಮೆ ಆಗಬೇಕಲ್ವಾ?"

ಅರ್ಧ ಸರಿ. ಇನ್ನರ್ಧ ಪೂರ್ತಿ ಉಲ್ಟಾ.

ಈ ವೈರಸ್‌ಗಳಿಗೆ ಬ್ಯಾಕ್ಟೀರಿಯೋಫೇಜ್ ಅಂತಾರೆ, ಚಿಕ್ಕದಾಗಿ ಫೇಜ್. ಯಾವ ಕೆರೆಯ ನೀರನ್ನಾದರೂ ಒಂದು ಚಮಚ ತೆಗೆದುಕೊಳ್ಳಿ, ಕೋಟಿಗಟ್ಟಲೆ ಸಿಗುತ್ತವೆ. ಕೆಲವು ಫೇಜ್‌ಗಳು ಬ್ಯಾಕ್ಟೀರಿಯಾ ಒಳಗೆ ನುಗ್ಗಿ, ತಮ್ಮಂಥವನ್ನೇ ಹತ್ತಾರು ಮಾಡಿಕೊಂಡು, ಅದನ್ನು ಒಡೆದು ಹೊರಬರುತ್ತವೆ. ಪೇಪರಿನಲ್ಲಿ ಬರುವುದು ಇವುಗಳ ಸುದ್ದಿ. ಇನ್ನು ಕೆಲವು ತಮ್ಮ ಡಿಎನ್‌ಎಯನ್ನು ಬ್ಯಾಕ್ಟೀರಿಯಾದ ಡಿಎನ್‌ಎಗೆ ಸೇರಿಸಿ ಸುಮ್ನೆ ಕೂತುಬಿಡುತ್ತವೆ, ಮನೆ ಅಳಿಯನ ಹಾಗೆ. ಕೆಲವು ಅಳಿಯಂದಿರು ಬರಿಗೈಯಲ್ಲಿ ಬರುವುದಿಲ್ಲ. ವಿಷ ತಯಾರಿಸುವ ಜೀನ್ ಹೊತ್ತು ತರುತ್ತಾರೆ.

ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಇದಕ್ಕೆ ಹಳೆಯ ಉದಾಹರಣೆ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟುತ್ತದೆ, ವಿಷ ರಕ್ತಕ್ಕೆ ಸೇರಿ ಹೃದಯ, ನರಗಳಿಗೆ ಪೆಟ್ಟು ಕೊಡುತ್ತದೆ. ಆ ವಿಷದ ಜೀನ್ ಫೇಜ್‌ನದು. 1951ರಲ್ಲಿ ಅಮೆರಿಕದ ಫ್ರೀಮನ್, ವಿಷ ಮಾಡಲಾರದ ಡಿಫ್ತೀರಿಯಾ ಬ್ಯಾಕ್ಟೀರಿಯಾಗೆ ಫೇಜ್ ತಗುಲಿಸಿದರು. ಬದುಕುಳಿದವುಗಳಲ್ಲಿ ವಿಷ ಮಾಡುವಂಥವು ಸಿಕ್ಕವು. ನನಗೆ ಇದಕ್ಕಿಂತ ಮಜಾ ಅನ್ನಿಸುವುದು ಇನ್ನೊಂದು ಸಂಗತಿ. ಜೀನ್ ವೈರಸ್‌ನದಾದರೂ ಅದರ ಸ್ವಿಚ್ ಬ್ಯಾಕ್ಟೀರಿಯಾ ಕೈಯಲ್ಲಿದೆ. ಸುತ್ತ ಕಬ್ಬಿಣದ ಅಂಶ ಸಾಕಷ್ಟಿದ್ದರೆ ಜೀನ್ ಬಂದ್. ನಮ್ಮ ಮೈಯೊಳಗೆ ಬಿಡಿ ಕಬ್ಬಿಣ ತೀರಾ ಕಡಿಮೆ, ಹಾಗಾಗಿ ಅಲ್ಲಿ ಜೀನ್ ಚಾಲೂ. ಎಷ್ಟು ಕಾಲ ಜೊತೆಗೆ ಬಾಳಿದರೆ ಇಂಥ ಹೊಂದಾಣಿಕೆ ಬರಬೇಕು ನೋಡಿ!

ಮಗುವಿಗೆ ಆರು ವಾರ ಆದಾಗ ಆಶಾ ಕಾರ್ಯಕರ್ತೆ ನೆನಪಿಸಿ ಹಾಕಿಸುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಈ ವಿಷವೇ ಇದೆ, ಕೆಡುಕು ಮಾಡುವ ಶಕ್ತಿ ತೆಗೆದು ಹಾಕಿರುತ್ತಾರೆ. ಅಂದರೆ ಡಿಫ್ತೀರಿಯಾ ಮಟ್ಟಿಗೆ ನಮ್ಮ ಮೈ ಕಲಿಯುವುದು ಫೇಜ್ ತಂದ ಸರಕಿನ ವಿರುದ್ಧ ಹೋರಾಡುವುದನ್ನು.

ಕಾಲರಾ ಕಥೆಯೂ ಹೀಗೇ. ವಾಂತಿಭೇದಿ ಮಾಡಿಸುವುದು ಒಂದು ವಿಷ ಅಂತ 1959ರಲ್ಲಿ ಕಲ್ಕತ್ತಾದಲ್ಲಿ ತೋರಿಸಿದವರು ಶಂಭುನಾಥ್ ಡೇ. ನಮ್ಮ ದೇಶದಲ್ಲಿ ಅವರಿಗೆ ಸಿಗಬೇಕಾದಷ್ಟು ಹೆಸರು ಸಿಗಲಿಲ್ಲ, ಅದು ಬೇರೆ ಮಾತು. ಆ ವಿಷದ ಜೀನ್ ದಾರದಂಥ ಒಂದು ಫೇಜ್‌ನಲ್ಲಿದೆ ಅಂತ ಗೊತ್ತಾಗಿದ್ದು 1996ರಲ್ಲಿ, ವಾಲ್ಡರ್ ಮತ್ತು ಮೆಕಲಾನೋಸ್ ಅವರಿಂದ. ಕರುಳಲ್ಲಿ ನೆಲೆಯೂರಲು ಬ್ಯಾಕ್ಟೀರಿಯಾ ಬಳಸುವ ಕೂದಲಿನಂಥ ಎಳೆಯನ್ನೇ ಹಿಡಿದು ಈ ಫೇಜ್ ಒಳಗೆ ಹೋಗುತ್ತದೆ.

ಜನರಿಗೆ ನಿಜವಾಗಿ ತಿಳಿದಿರಬೇಕಾದದ್ದು ಮೂರನೆಯದು. ಕರುಳಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಾದ ಕೆಲವು ತಳಿಗಳು ಫೇಜ್‌ನಿಂದ ಶಿಗಾ ಎಂಬ ವಿಷ ಪಡೆದಿವೆ. ಹಸುವಿನ ಕರುಳಲ್ಲಿ ಆರಾಮಾಗಿರುತ್ತವೆ, ಹಸುವಿಗೆ ಏನೂ ಆಗುವುದಿಲ್ಲ. ನಮಗೆ ಬಂದರೆ ರಕ್ತಭೇದಿ, ಕೆಲವು ಮಕ್ಕಳಿಗೆ ಕಿಡ್ನಿ ಕೈಕೊಡುತ್ತದೆ. 2011ರಲ್ಲಿ ಶಿಗಾ ವಿಷ ಮಾಡುವ ಇಂಥದೊಂದು ಇ. ಕೋಲೈನಿಂದ ಜರ್ಮನಿಯಲ್ಲಿ ಸುಮಾರು 4,000 ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು. ಮೊದಲು ಸ್ಪೇನ್‌ನ ಸೌತೆಕಾಯಿ ಮೇಲೆ ಗೂಬೆ ಕೂರಿಸಿದರು. ಕೊನೆಗೆ ಸಿಕ್ಕಿಬಿದ್ದದ್ದು ಹಸಿಯಾಗಿ ತಿಂದ ಮೆಂತ್ಯದ ಮೊಳಕೆ. ನಮ್ಮ ಮಂಡ್ಯದ ಕಡೆ ಮೊಳಕೆ ಹುರುಳಿಯನ್ನು ಸಾರು ಮಾಡಿ ಕುದಿಸುತ್ತಾರೆ, ಒಳ್ಳೇ ಅಭ್ಯಾಸ. ಹಸಿ ಹಾಲು ಕುಡಿಯುವವರಿಗೂ ಇದೇ ಮಾತು: ಕಾಯಿಸಿ.

ಶಿಗಾ ವಿಷದ ಜೀನ್ ಹೊತ್ತ ಫೇಜ್ ನಿದ್ದೆಯಲ್ಲಿದ್ದಾಗ ವಿಷ ಕಡಿಮೆ. ಬ್ಯಾಕ್ಟೀರಿಯಾದ ಡಿಎನ್‌ಎಗೆ ಏಟು ಬಿದ್ದರೆ ಎದ್ದು, ವಿಷ ಮಾಡಿಸಿ, ಕೋಶ ಒಡೆದು ಎಲ್ಲವನ್ನೂ ಹೊರಚೆಲ್ಲುತ್ತದೆ. ಸಿಪ್ರೋಫ್ಲಾಕ್ಸಸಿನ್‌ನಂಥ ಮಾತ್ರೆ ಕೊಡುವುದು ಅದೇ ಏಟನ್ನು. ಹಾಗಂತ ಆ್ಯಂಟಿಬಯಾಟಿಕ್ ಕೆಟ್ಟದ್ದು ಅಂತ ಅಲ್ಲ. ರಕ್ತಭೇದಿಗೆ ಶಿಗೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕಾರಣವಾಗಿದ್ದರೆ ಅದು ಬೇಕೇ ಬೇಕಾಗಬಹುದು. ಯಾವುದು ಅಂತ ಮೆಡಿಕಲ್ ಸ್ಟೋರಿನವರು ನೋಡಿ ಹೇಳುವುದಕ್ಕೆ ಆಗಲ್ಲ. ಮಲದಲ್ಲಿ ರಕ್ತ ಕಂಡರೆ ಡಾಕ್ಟರ್ ಹತ್ತಿರ ಹೋಗಿ ಪರೀಕ್ಷೆ ಮಾಡಿಸಿ.

"ಹಾಗಾದ್ರೆ ಫೇಜ್ ಚಿಕಿತ್ಸೆ ಡೇಂಜರ್ರಾ ಮಿಸ್?" ಅಂತ ಹುಡುಗರು ಮುಂದಿನ ಪ್ರಶ್ನೆ ಎಸೆಯುತ್ತಾರೆ. ಆಯ್ಕೆ ಸರಿಯಿದ್ದರೆ ಆ ಭಯ ಬೇಡ. ಕಾಯಿಲೆಯ ಬ್ಯಾಕ್ಟೀರಿಯಾ ಕೊಲ್ಲಲು ರೋಗಿಗೆ ಫೇಜ್ ಕೊಡುವ ಈ ಚಿಕಿತ್ಸೆಗೆ ಬೇಕಾದ್ದು ಒಡೆಯುವ ಜಾತಿ ಮಾತ್ರ. ಪ್ರಾಕ್ಟಿಕಲ್‌ನಲ್ಲಿ ಚರಂಡಿ ನೀರಿನಿಂದ ಫೇಜ್ ಹಿಡಿದಾಗ ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟಿನ ಮೇಲೆ ಸಣ್ಣ ಸಣ್ಣ ಚುಕ್ಕೆ ಬೀಳುತ್ತವೆ. ಚುಕ್ಕೆ ತಿಳಿಯಾಗಿದ್ದರೆ ಸಾಮಾನ್ಯವಾಗಿ ಒಡೆಯುವ ಜಾತಿ, ಮಬ್ಬಾಗಿದ್ದರೆ ಬಹುತೇಕ ಒಳಗೆ ಕೂರುವ ಜಾತಿ. ಆದರೆ ಬರೀ ಚುಕ್ಕೆ ನಂಬಿ ಯಾರಿಗೂ ಔಷಧಿ ಕೊಡುವುದಿಲ್ಲ. ಫೇಜ್‌ನ ಪೂರ್ತಿ ಡಿಎನ್‌ಎ ಓದಿ, ವಿಷದ ಜೀನ್ ಸಿಕ್ಕರೆ ಅದನ್ನು ಅಲ್ಲೇ ಕೈಬಿಡುತ್ತಾರೆ.